ಹೊಸ ಸೌಂಡ್ ಕಾರ್ಡ್ ತರುವ ಮುನ್ನ ಹಳೆಯದು ನಿಜವಾಗಿ ಸತ್ತಿದೆಯೇ ನೋಡಿ

ಕಂಪ್ಯೂಟರಿನಲ್ಲಿ ಸದ್ದು ನಿಂತರೆ ಜನ ತಕ್ಷಣ ಸೌಂಡ್ ಕಾರ್ಡ್, ಅಂದರೆ ಸದ್ದು ಹೊರಡಿಸುವ ಭಾಗ, ಹೋಯಿತು ಅಂದುಕೊಳ್ಳುತ್ತಾರೆ. ಬೆಂಗಳೂರಿನವರು ಎಸ್‌.ಪಿ. ರೋಡಿಗೆ ಹೋಗುತ್ತಾರೆ, ಬೇರೆ ಊರಿನವರು ಆನ್‌ಲೈನ್‌ನಲ್ಲಿ ಹುಡುಕುತ್ತಾರೆ, ಕೊನೆಗೆ ಡಬ್ಬದ ಮೇಲೆ ದೊಡ್ಡದಾಗಿ 7.1 (ಎಂಟು ಸ್ಪೀಕರಿಗೆ ಬೇರೆ ಬೇರೆ ಸದ್ದು ಅನ್ನುವ ಗುರುತು) ಅಂತ ಬರೆದಿರುವ ಒಂದನ್ನು ತಂದು ಚುಚ್ಚುತ್ತಾರೆ. ನೆಂಟರು, ಪಕ್ಕದ ಮನೆಯವರು, ಪರಿಚಯದವರು ಅಂತ ಇಂಥ ಎಷ್ಟೋ ಕಂಪ್ಯೂಟರ್ ನೋಡಿದ್ದೇನೆ. ಅರ್ಧಕ್ಕಿಂತ ಹೆಚ್ಚು ಕಡೆ ಹಳೆಯ ಕಾರ್ಡ್ ಚೆನ್ನಾಗಿಯೇ ಇತ್ತು. ಉಳಿದ ಕಡೆ ಕಾರ್ಡ್ ನಿಜಕ್ಕೂ ಹೋಗಿತ್ತು, ಆದರೆ ಬದಲಿಗೆ ತಂದದ್ದು ಅವರ ಕೆಲಸಕ್ಕೆ ಬಾರದ್ದು. ಎರಡರಲ್ಲೂ ದುಡ್ಡು ದಂಡ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈಗಿನ ಮನೆ ಕಂಪ್ಯೂಟರುಗಳಲ್ಲಿ ಸೌಂಡ್ ಕಾರ್ಡ್ ಅಂತ ಬೇರೆ ಹಲಗೆ ಇರುವುದು ಅಪರೂಪ. ಮದರ್‌ಬೋರ್ಡ್ ಮೇಲೆಯೇ ಉಗುರಿನಷ್ಟು ದೊಡ್ಡ ಒಂದು ಚಿಪ್ ಇರುತ್ತದೆ, ಹೆಚ್ಚಿನವುಗಳಲ್ಲಿ ಅದು ರಿಯಲ್‌ಟೆಕ್‌ನದು. ಅದು ಸತ್ತರೆ ಕಿತ್ತು ಬದಲಿಸಬೇಕಾಗಿಲ್ಲ, ಮದರ್‌ಬೋರ್ಡ್ ಬದಲಿಸುವುದಂತೂ ಬೇಡವೇ ಬೇಡ. ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು ಸೇರಿಸಿಕೊಂಡರೆ ಆಯಿತು.

ಹೆಜ್ಜೆ 1: ಸತ್ತಿದೆಯೇ, ಮಲಗಿದೆಯೇ?

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೋಗೋಣ.

ಮೊದಲು ಸ್ಪೀಕರನ್ನು ಕಂಪ್ಯೂಟರಿನಿಂದ ಬಿಚ್ಚಿ ಮೊಬೈಲಿಗೋ ಟಿವಿಗೋ ಹಾಕಿ ನೋಡಿ. ಅಲ್ಲೂ ಸದ್ದಿಲ್ಲ ಅಂದರೆ ಕಾರ್ಡಿನದು ಏನೂ ತಪ್ಪಿಲ್ಲ, ಸ್ಪೀಕರ್ ಅಥವಾ ವೈರ್ ಹೋಗಿದೆ. ಅಲ್ಲಿ ಸದ್ದು ಬಂತು ಅಂದರೆ ಕಂಪ್ಯೂಟರಿಗೆ ವಾಪಸ್ ಬನ್ನಿ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಸ್ಪೀಕರ್ ಗುರುತು ಇದೆಯಲ್ಲ, ಅದನ್ನು ಒತ್ತಿ ಸದ್ದು ಯಾವ ಕಡೆ ಹೋಗುತ್ತಿದೆ ಅಂತ ನೋಡಿ. ಅಲ್ಲಿ ನಿಮ್ಮ ಮಾನಿಟರಿನ ಹೆಸರಿದ್ದರೆ ಸಮಸ್ಯೆ ಸಿಕ್ಕಿತು. ಎಚ್‌ಡಿಎಂಐ ವೈರಿನಲ್ಲಿ ಚಿತ್ರದ ಜೊತೆ ಸದ್ದೂ ಹೋಗುತ್ತದೆ. ಗ್ರಾಫಿಕ್ಸ್ ಡ್ರೈವರ್ (ಡ್ರೈವರ್ ಅಂದರೆ ಕಂಪ್ಯೂಟರಿನ ಒಂದು ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಅಪ್‌ಡೇಟ್ ಆದಾಗ ಕೆಲವೊಮ್ಮೆ ವಿಂಡೋಸ್ ಸುಮ್ನೆ ಸದ್ದನ್ನೆಲ್ಲ ಮಾನಿಟರಿಗೆ ತಿರುಗಿಸಿಬಿಡುತ್ತದೆ. ಆ ಮಾನಿಟರಿಗೆ ಸ್ಪೀಕರೇ ಇರುವುದಿಲ್ಲ. ಪಟ್ಟಿಯಲ್ಲಿ ಸ್ಪೀಕರ್ಸ್ ಅಂತ ಇರುವುದನ್ನು ಆರಿಸಿ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಇದೊಂದು ಕಾರಣಕ್ಕೆ ಎರಡು ಸೌಂಡ್ ಕಾರ್ಡ್ ಕೊಂಡಿದ್ದರು.

ಹಾಡು ಹಾಕಿದಾಗ ಸೌಂಡ್ ಸೆಟ್ಟಿಂಗಿನಲ್ಲಿ ಸದ್ದಿನ ಮಟ್ಟ ತೋರಿಸುವ ಗೆರೆ ಕುಣಿಯುತ್ತಿದೆಯೇ ನೋಡಿ. ಕುಣಿಯುತ್ತಿದ್ದೂ ಸದ್ದಿಲ್ಲ ಅಂದರೆ ವಿಂಡೋಸ್ ತನ್ನ ಕೆಲಸ ಮಾಡುತ್ತಿದೆ, ತೊಂದರೆ ಅದರಿಂದಾಚೆಗೆ ಇದೆ. ಸಾಧನಗಳ ಪಟ್ಟಿಯಲ್ಲಿ ಒಂದೂ ಕಾಣದಿದ್ದರೆ ಡ್ರೈವರ್ ಹೋಗಿರಬಹುದು, ಇಲ್ಲವೇ ವಿಂಡೋಸ್‌ಗೂ ಮುನ್ನ ಶುರುವಾಗುವ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಆಡಿಯೋ ಆಫ್ ಆಗಿರಬಹುದು. ಮದರ್‌ಬೋರ್ಡ್ ಬ್ಯಾಟರಿ ಮುಗಿದು ಸೆಟ್ಟಿಂಗ್ ಅಳಿಸಿಹೋದ ಹಳೆಯ ಕಂಪ್ಯೂಟರುಗಳಲ್ಲಿ ಬಯಾಸ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ.

ಡ್ರೈವರ್ ಬೇಕಾದರೆ ನಿಮ್ಮ ಮದರ್‌ಬೋರ್ಡ್ ಅಥವಾ ಕಂಪ್ಯೂಟರ್ ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಎಲ್ಲ ಡ್ರೈವರ್ ತಾನೇ ಹುಡುಕಿ ಹಾಕುತ್ತೇನೆ ಅನ್ನುವ ತಂತ್ರಾಂಶಗಳು ಜಾಲದಲ್ಲಿ ರಾಶಿ ಬಿದ್ದಿವೆ. ಒಂದನ್ನೂ ಮುಟ್ಟಬೇಡಿ. ಡ್ರೈವರ್ ಸರಿಹೋಗುವುದು ಹಾಗಿರಲಿ, ಅದರ ಜೊತೆ ಬಂದ ಕಸ ತೆಗೆಯಲು ಒಂದು ದಿನ ಬೇಕಾಗುತ್ತದೆ.

ಈಗ ಕೊನೆಯ ಪರೀಕ್ಷೆ. ಇದನ್ನು ಮಾಡದೆ ಯಾರೂ ಕಾರ್ಡ್ ಕೊಳ್ಳಬಾರದು ಅಂತ ನನ್ನ ಹಟ. 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶ) ಹಾಕಿ ಅದರಿಂದ ಕಂಪ್ಯೂಟರ್ ಶುರು ಮಾಡಿ. ಇನ್‌ಸ್ಟಾಲ್ ಒತ್ತಬೇಡಿ, ಟ್ರೈ ಅನ್ನುವುದನ್ನು ಮಾತ್ರ ಒತ್ತಿ, ಆಗ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಇರುವುದಕ್ಕೆ ಏನೂ ಆಗುವುದಿಲ್ಲ. ಅಲ್ಲಿ ಒಂದು ಹಾಡು ಹಾಕಿ. ಸದ್ದು ಬಂದರೆ ಚಿಪ್ ಗಟ್ಟಿಯಾಗಿದೆ, ರೋಗ ಇರುವುದು ವಿಂಡೋಸ್‌ನಲ್ಲಿ. ಅಲ್ಲೂ ಬರಲಿಲ್ಲ, ಸಿಪಿಯು ಡಬ್ಬದ ಹಿಂಭಾಗದ ಹಸಿರು ಜಾಕ್‌ನಲ್ಲೂ ಬರಲಿಲ್ಲ ಅಂದರೆ ಆಗ ಹೊಸದನ್ನು ಹುಡುಕಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಹೊಡೆದ ಮೇಲೆ ಸದ್ದು ನಿಂತಿದ್ದರೆ ಅನುಮಾನ ಇನ್ನೂ ಜಾಸ್ತಿ.

ಸಿಪಿಯು ಡಬ್ಬದ ಮುಂದಿನ ಜಾಕ್ ಮಾತ್ರ ಕೆಲಸ ಮಾಡುತ್ತಿಲ್ಲ, ಹಿಂದಿನದು ಸರಿಯಾಗಿದೆ ಅಂದರೆ ಡಬ್ಬ ಬಿಚ್ಚಿ. ಕರೆಂಟ್ ತೆಗೆದು ಬಿಚ್ಚಿ. ಮುಂಭಾಗದಿಂದ ಬಂದ ವೈರಿನ ತುದಿಯಲ್ಲಿ ಎಚ್‌ಡಿ ಆಡಿಯೋ ಅಂತ ಬರೆದಿರುತ್ತದೆ. ಅದು ಮದರ್‌ಬೋರ್ಡಿನ 9 ಕಡ್ಡಿಗಳ ಮೇಲೆ ಕೂರುವಂಥದ್ದು. ಯುಎಸ್‌ಬಿಯ ಕಡ್ಡಿಗಳೂ 9 ಇರುತ್ತವೆ, ಆದರೆ ಅದರಲ್ಲಿ ಕಡ್ಡಿ ಇಲ್ಲದ ಜಾಗ ಮೂಲೆಯಲ್ಲಿ, ಆಡಿಯೋದಲ್ಲಿ ಮೂಲೆಯಿಂದ ಒಂದು ಒಳಗೆ. ಹಾಗಾಗಿ ಸಲೀಸಾಗಿ ಕೂರದಿದ್ದರೆ ಒತ್ತಬೇಡಿ.

ಗುಂಯ್ ಅನ್ನುವ ಸದ್ದಿಗೂ ಕಾರ್ಡನ್ನೇ ಬೈಯುವವರಿದ್ದಾರೆ. ಅದೇ ಜಾಕ್‌ಗೆ ಹೆಡ್‌ಫೋನ್ ಹಾಕಿ ಕೇಳಿ. ಹೆಡ್‌ಫೋನಿನಲ್ಲಿ ಗುಂಯ್ ಇಲ್ಲ ಅಂದರೆ ಅದು ಹೆಚ್ಚಾಗಿ ಅರ್ಥಿಂಗ್ ತೊಂದರೆ, ನಮ್ಮ ಕರೆಂಟಿನ 50 ಹರ್ಟ್ಸ್ ಸ್ಪೀಕರಿನಲ್ಲಿ ಕೇಳುತ್ತಿದೆ. ಕಂಪ್ಯೂಟರ್ ಮತ್ತು ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಹೋಗುತ್ತದೆ. ಕೆಲವರು ಮೂರು ಪಿನ್ನಿನ ಪ್ಲಗ್‌ನಿಂದ ದೊಡ್ಡ ಪಿನ್ನನ್ನೇ ಕಿತ್ತು ಗುಂಯ್ ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪಿನ್ ಇರುವುದು ನಿಮ್ಮ ಜೀವ ಉಳಿಸಲು. ಹೆಡ್‌ಫೋನಿನಲ್ಲೂ ಸದ್ದಿದ್ದು, ಮೌಸ್ ಅಲ್ಲಾಡಿಸಿದಾಗ ಅದು ಬದಲಾಗುತ್ತಿದ್ದರೆ ಮಾತ್ರ ಅದು ಬೋರ್ಡಿನ ಒಳಗಿನ ಗಲಾಟೆ. ಅದಕ್ಕೆ ಹೊರಗಿನ ಕಾರ್ಡ್ ಒಳ್ಳೆಯ ಮದ್ದು.

ಹೆಜ್ಜೆ 2: ಒಳಗೋ, ಹೊರಗೋ?

ಹೊರಗಿನದು, ಅಂದರೆ ಯುಎಸ್‌ಬಿಗೆ ಚುಚ್ಚುವಂಥದ್ದು. ನನ್ನನ್ನು ಕೇಳಿದರೆ ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಡಬ್ಬ ಬಿಚ್ಚಬೇಕಿಲ್ಲ, ನಾಳೆ ಲ್ಯಾಪ್‌ಟಾಪಿಗೂ ಆಗುತ್ತದೆ, ಕಂಪ್ಯೂಟರ್ ಬದಲಿಸಿದರೂ ಉಳಿಯುತ್ತದೆ. ಯುಎಸ್‌ಬಿ ಆಡಿಯೋಗೆ ಒಂದು ಸಾಮಾನ್ಯ ನಿಯಮ ಇದೆ, ಅದರಂತೆ ಮಾಡಿದ ಸಾಧನಕ್ಕೆ ಬೇರೆ ಡ್ರೈವರ್ ಬೇಡ. ಅದರ ಎರಡನೇ ಆವೃತ್ತಿಗೂ 2017ರ ನಂತರದ ವಿಂಡೋಸ್ 10ರಲ್ಲಿ ಡ್ರೈವರ್ ಸೇರಿಕೊಂಡೇ ಬರುತ್ತದೆ.

ಒಳಗಿನ ಕಾರ್ಡೇ ಬೇಕು ಅನ್ನುವವರು ಅಂಗಡಿಗೆ ಹೋಗುವ ಮುನ್ನ ಡಬ್ಬ ಬಿಚ್ಚಿ ಫೋಟೋ ತೆಗೆದುಕೊಳ್ಳಿ. ಹಳೆಯ ಪಿಸಿಐ ಸ್ಲಾಟ್ (ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರಿಸುವ ಸೀಳು) ಉದ್ದಕ್ಕೆ, ಹೆಚ್ಚಾಗಿ ಬಿಳಿ ಬಣ್ಣದ್ದಾಗಿರುತ್ತದೆ. ಈಗಿನ ಬೋರ್ಡುಗಳಲ್ಲಿ ಅದು ಇರುವುದಿಲ್ಲ, ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಇರುತ್ತದೆ. ಒಂದರ ಕಾರ್ಡ್ ಇನ್ನೊಂದರಲ್ಲಿ ಕೂರುವುದಿಲ್ಲ. ಚಿಕ್ಕ ಎಕ್ಸ್‌ಪ್ರೆಸ್ ಕಾರ್ಡ್ ಉದ್ದನೆಯ ಎಕ್ಸ್‌ಪ್ರೆಸ್ ಸ್ಲಾಟಿನಲ್ಲೂ ಕೂರುತ್ತದೆ, ಇದು ಗೊತ್ತಿರಲಿ. ದಪ್ಪ ಗ್ರಾಫಿಕ್ಸ್ ಕಾರ್ಡ್ ಪಕ್ಕದ ಸ್ಲಾಟನ್ನು ಮುಚ್ಚಿರುತ್ತದೆ, ಅದನ್ನೂ ನೋಡಿ. ಡಬ್ಬ ತೆಳ್ಳಗಿದ್ದರೆ ಅರ್ಧ ಎತ್ತರದ ಲೋಹದ ಪಟ್ಟಿ ಇರುವ ಕಾರ್ಡೇ ಬೇಕು. ಕೆಲವು ಕಾರ್ಡಿಗೆ ಪವರ್ ಸಪ್ಲೈನಿಂದ ಬೇರೆ ವೈರೂ ಬೇಕು.

ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹಳೆಯ ಸೌಂಡ್ ಬ್ಲಾಸ್ಟರ್ ಕಾರ್ಡ್ ಕಂಡು ಆಸೆಪಡುವವರಿದ್ದಾರೆ. ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ಶುರು ಮಾಡಿದ ಈ ಹೆಸರಿನ ಮೇಲೆ ನನಗೂ ಪ್ರೀತಿ ಇದೆ. ಆದರೆ ಆ ಕಾಲದ ಕಾರ್ಡುಗಳು ಆಟಗಳ ಸದ್ದನ್ನು ತಾವೇ ಲೆಕ್ಕ ಹಾಕಿ ಕೊಡುತ್ತಿದ್ದವು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಆ ದಾರಿಯನ್ನು ಮುಚ್ಚಿತು. ಈಗಿನ ವಿಂಡೋಸ್‌ಗೆ ಅವುಗಳ ಡ್ರೈವರ್ ಹುಡುಕುವುದೂ ಕಷ್ಟ. ಬೇಡ.

ಹೆಜ್ಜೆ 3: ಯಾವ ವೈರ್ ಚುಚ್ಚುತ್ತೀರಿ?

ಡಬ್ಬದ ಮೇಲಿನ ಸಂಖ್ಯೆಗಳನ್ನು ಮರೆತುಬಿಡಿ. 24 ಬಿಟ್, 192 ಕಿಲೋಹರ್ಟ್ಸ್ ಅಂತೆಲ್ಲ ಇರುತ್ತದೆ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್ ತನಕ, ಅದಕ್ಕೆ ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್ ಸಾಕು. ಕೇಳುವುದಕ್ಕೆ ಅದಕ್ಕಿಂತ ಜಾಸ್ತಿಗೆ ದುಡ್ಡು ಕೊಡಬೇಡಿ. ಇನ್ನು ಕೆಲವು ನೂರು ರೂಪಾಯಿಗೆ ಸಿಗುವ 7.1 ಯುಎಸ್‌ಬಿ ಕಡ್ಡಿಗಳನ್ನು ತಿರುಗಿಸಿ ನೋಡಿ. ಹೆಡ್‌ಫೋನಿಗೆ ಒಂದು ಜಾಕ್, ಮೈಕಿಗೆ ಒಂದು, ಅಷ್ಟೇ. ಒಂದು ಜಾಕ್‌ನಿಂದ ಎಂಟು ಸ್ಪೀಕರಿಗೆ ಬೇರೆ ಬೇರೆ ಸದ್ದು ಹೇಗೆ ಹೋಗುತ್ತದೆ? ಹೋಗುವುದಿಲ್ಲ. ಎರಡೇ ಚಾನೆಲ್ ಇರುತ್ತದೆ, ಉಳಿದದ್ದು ತಂತ್ರಾಂಶದಲ್ಲಿ ಸೇರಿಸಿದ ಪ್ರತಿಧ್ವನಿ. ನಿಜವಾದ 5.1, ಅಂದರೆ ಆರು ಸ್ಪೀಕರಿನ ಸೆಟ್ ಇರುವವರು ಹಸಿರು, ಕಪ್ಪು, ಕಿತ್ತಳೆ ಮೂರೂ ಜಾಕ್ ಇರುವ ಕಾರ್ಡನ್ನೇ ತೆಗೆದುಕೊಳ್ಳಬೇಕು.

ಆನ್‌ಲೈನ್ ಕ್ಲಾಸು, ಸಿನಿಮಾ, ಹಾಡು ಇಷ್ಟಕ್ಕೆ ಹೆಸರಿರುವ ಕಂಪನಿಯ ಚಿಕ್ಕ ಯುಎಸ್‌ಬಿ ಸಾಧನ ಸಾಕು. ಕಂಪ್ಯೂಟರಿನಲ್ಲಿ ಟೈಪ್ ಸಿ ಇದ್ದರೆ ಆಪಲ್‌ನ ಟೈಪ್ ಸಿ ಹೆಡ್‌ಫೋನ್ ಅಡಾಪ್ಟರ್ ವಿಂಡೋಸ್‌ನಲ್ಲೂ ನಡೆಯುತ್ತದೆ, ಸದ್ದು ಬಹಳ ಸ್ವಚ್ಛ. ಹೆಡ್‌ಸೆಟ್ ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ. ಎರಡಿದ್ದರೆ ಬರೀ ಹೆಡ್‌ಫೋನ್, ಮೂರಿದ್ದರೆ ಮೈಕೂ ಅದರಲ್ಲೇ ಇದೆ. ಮೂರು ಗೆರೆಯ ಪಿನ್ನನ್ನು ಎರಡು ಜಾಕಿನ ಕಾರ್ಡಿಗೆ ಹಾಕಿದರೆ ಮೈಕ್ ಸಿಗುವುದಿಲ್ಲ, ನಡುವೆ ಎರಡನ್ನೂ ಬೇರೆ ಮಾಡುವ ಒಂದು ಸ್ಪ್ಲಿಟರ್ ವೈರ್ ಬೇಕು.

ಸಂಗೀತ ಕಲಿಯುವವರು, ಕಲಿಸುವವರು ಮೈಕ್ ಪ್ರೀಆಂಪ್ (ಮೈಕಿನ ಸಣ್ಣ ಸದ್ದನ್ನು ಹಿಗ್ಗಿಸುವ ಭಾಗ) ಇರುವ ಹೊರಗಿನ ಕಾರ್ಡ್, ಅಂದರೆ ಆಡಿಯೋ ಇಂಟರ್‌ಫೇಸ್ ತೆಗೆದುಕೊಳ್ಳಿ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಥರದ್ದು, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಕೊಡುವಂಥದ್ದು. ಆನ್‌ಲೈನ್ ಕ್ಲಾಸಿನಲ್ಲಿ ತಂಬೂರಿಯ ಶ್ರುತಿ ಆಚೆಯವರಿಗೆ ಕೇಳುತ್ತಿಲ್ಲ ಅಂತ ಕಾರ್ಡ್ ಬದಲಿಸಲು ಹೊರಟವರು ಒಂದು ನಿಮಿಷ ನಿಲ್ಲಿ. ಒಂದೇ ಸಮ ಬರುವ ಸದ್ದನ್ನು ಝೂಮ್‌ನಂಥ ತಂತ್ರಾಂಶ ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತದೆ. ಅದರ ಸೆಟ್ಟಿಂಗಿನಲ್ಲಿ ಒರಿಜಿನಲ್ ಸೌಂಡ್ ಅಂತ ಇದೆ, ಅದನ್ನು ಆನ್ ಮಾಡಿ. ಹೊಸ ಕಾರ್ಡಿನಿಂದ ಇದು ಸರಿಹೋಗುವುದಿಲ್ಲ.

ಇನ್ನು ಕ್ಯಾಸೆಟ್. ನನಗೆ ತುಂಬ ಹತ್ತಿರದ ವಿಷಯ ಇದು. ಅಜ್ಜನ ದನಿ, ಊರಿನ ಬಯಲಾಟ, ಮದುವೆಯ ಸೋಬಾನೆ ಹಾಡು, ಹೀಗೆ ಬೇರೆಲ್ಲೂ ಸಿಗದ ಕ್ಯಾಸೆಟ್‌ಗಳು ಎಷ್ಟೋ ಮನೆಗಳ ಅಟ್ಟದಲ್ಲಿವೆ. ಅದನ್ನು ಕಂಪ್ಯೂಟರಿಗೆ ತುಂಬಿಸಲು ಬೇಕಾದದ್ದು ಲೈನ್ ಇನ್, ಅಂದರೆ ನೀಲಿ ಜಾಕ್. ಜನ ಟೇಪ್ ರೆಕಾರ್ಡರಿನ ವೈರನ್ನು ಗುಲಾಬಿ ಬಣ್ಣದ ಮೈಕ್ ಜಾಕ್‌ಗೆ ಹಾಕುತ್ತಾರೆ. ಮೈಕಿನಿಂದ ಬರುವ ಸದ್ದು ತೀರಾ ಸಣ್ಣದು, ಅದಕ್ಕಾಗಿ ಆ ಜಾಕ್ ಬಂದದ್ದನ್ನೆಲ್ಲ ಹಲವು ಪಟ್ಟು ಹಿಗ್ಗಿಸುತ್ತದೆ. ಟೇಪಿನ ಸದ್ದು ಮೊದಲೇ ದೊಡ್ಡದು. ಎರಡೂ ಸೇರಿ ದನಿ ಒಡೆದು ಗರಗರ ಅನ್ನುತ್ತದೆ, ಒಮ್ಮೆ ಹಾಗೆ ರೆಕಾರ್ಡ್ ಆದದ್ದನ್ನು ಆಮೇಲೆ ಸರಿ ಮಾಡಲು ಆಗುವುದಿಲ್ಲ. ಜೊತೆಗೆ ಚಿಕ್ಕ ಯುಎಸ್‌ಬಿ ಕಡ್ಡಿಗಳ ಮೈಕ್ ಜಾಕ್ ಸಾಮಾನ್ಯವಾಗಿ ಮೋನೋ, ಅಂದರೆ ಎಡ ಬಲ ಎರಡಕ್ಕೂ ಒಂದೇ ಸದ್ದು. ನಮ್ಮ ಚಿಕ್ಕಪ್ಪ ಇಪ್ಪತ್ತು ಕ್ಯಾಸೆಟ್ ಹೀಗೆ ತುಂಬಿಸಿದ ಮೇಲೆ ಫೋನ್ ಮಾಡಿ, "ಎರಡೂ ಕಿವೀಲಿ ಒಂದೇ ಥರ ಕೇಳುತ್ತಲ್ಲೋ, ಮದ್ದಲೆ ಬಲಗಡೆ ಇರ್ತಿತ್ತು" ಅಂದರು. ಅವರ ಕಿವಿ ಸರಿಯಾಗಿಯೇ ಹೇಳಿತ್ತು. ಇಪ್ಪತ್ತನ್ನೂ ಮತ್ತೆ ಮಾಡಿದೆವು. ಈ ಕೆಲಸಕ್ಕೆ ಬೆರಿಂಗರ್ ಯುಸಿಎ202 ಅಥವಾ ಯುಸಿಎ222 ಥರದ್ದು ಸಾಕು. ಕೆಂಪು, ಬಿಳಿ ಆರ್‌ಸಿಎ ವೈರ್ ನೇರ ಹೋಗುತ್ತದೆ, 16 ಬಿಟ್, 48 ಕಿಲೋಹರ್ಟ್ಸ್ ತನಕ ತುಂಬುತ್ತದೆ. ಕ್ಯಾಸೆಟ್‌ಗೆ ಅದಕ್ಕಿಂತ ಬೇಕಿಲ್ಲ.

ಹೆಜ್ಜೆ 4: ಕೊಂಡು, ಚುಚ್ಚಿ, ಪರೀಕ್ಷಿಸಿ

ಬಿಲ್ ತೆಗೆದುಕೊಳ್ಳಿ. ಮನೆಗೆ ಬಂದು ಸಿಪಿಯು ಡಬ್ಬದ ಹಿಂದಿನ ಯುಎಸ್‌ಬಿಗೆ ನೇರವಾಗಿ ಚುಚ್ಚಿ, ಹಬ್ ಬೇಡ. ಸದ್ದು ಹೊರಗೆ ಹೋಗುವ ಕಡೆಯಲ್ಲೂ ಒಳಗೆ ಬರುವ ಕಡೆಯಲ್ಲೂ ಹೊಸ ಸಾಧನದ ಹೆಸರನ್ನೇ ಆರಿಸಿ, ಒಂದು ಕಡೆ ಮರೆತರೆ ಮೈಕ್ ಹಳೆಯದರಲ್ಲೇ ಉಳಿಯುತ್ತದೆ.

ಆಡಾಸಿಟಿ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಏನೂ ನುಡಿಸದೆ ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ, ಸುಯ್ ಅನ್ನುವುದು ಜೋರಾಗಿದ್ದರೆ ಸಾಧನವನ್ನು ಆ ವಾರದಲ್ಲೇ ವಾಪಸ್ ಕೊಡಿ. ಆಮೇಲೆ ಎಡಗಡೆಯ ವೈರನ್ನು ಮಾತ್ರ ಹಾಕಿ ಒಂದು ನಿಮಿಷ ತುಂಬಿಸಿ. ಪರದೆಯ ಮೇಲಿನ ಎರಡು ಗೆರೆಗಳಲ್ಲಿ ಒಂದೇ ಅಲ್ಲಾಡಬೇಕು. ಎರಡೂ ಒಂದೇ ಥರ ಅಲ್ಲಾಡಿದರೆ ಅದು ಮೋನೋ, ಡಬ್ಬದ ಮೇಲೆ ಏನೇ ಬರೆದಿರಲಿ.

ಕ್ಯಾಸೆಟ್ ತುಂಬಿಸುವಾಗ ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ಇಟ್ಟುಕೊಳ್ಳಿ. ಉಳಿಸುವಾಗ ಎಂಪಿ3 ಬೇಡ, ವೇವ್ ಅಥವಾ ಫ್ಲಾಕ್ (ಸದ್ದಿನಲ್ಲಿ ಏನೂ ಕಳೆಯದ ಫೈಲ್ ಬಗೆಗಳು) ಮಾಡಿ. 60 ನಿಮಿಷದ ಒಂದು ಕ್ಯಾಸೆಟ್ ಸಿಡಿ ಗುಣಮಟ್ಟದ ವೇವ್‌ನಲ್ಲಿ ಸುಮಾರು 635 ಎಂಬಿ ಆಗುತ್ತದೆ. ಚಿಕ್ಕಪ್ಪನ ಇಪ್ಪತ್ತೂ ಒಂದು 16 ಜಿಬಿ ಪೆನ್‌ಡ್ರೈವ್‌ನಲ್ಲಿ ಕೂತವು. ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ.