ರಾಗಿ ಹಿಟ್ಟು ಮಾಡಿಸೋಕೆ ಬರೋ ಮುಂಚೆ

ನಮ್ಮ ಹಿಟ್ಟಿನ ಮಿಲ್ಲಿಗೆ 22 ವರ್ಷ. ದಿನಾ ಒಬ್ಬರಾದ್ರೂ ಹಸಿ ರಾಗಿ ತಂದು ನಂಜೊತೆ ಜಗಳ ಆಡ್ತಾರೆ, ಅದಕ್ಕೇ ಇದು.

ಮೊರದಲ್ಲಿ ಕೇರಿದ್ರೆ ಹೊಟ್ಟು ಹೋಗುತ್ತೆ, ರಾಗಿಯಷ್ಟೇ ಸಣ್ಣ ಕಲ್ಲು ಹೋಗಲ್ಲ. ನೀರಲ್ಲಿ ಜಾಲಿಸಿ, ತಳಕ್ಕೆ ಕೂರುತ್ತೆ. ಆಮೇಲೆ ಎರಡು ಒಳ್ಳೇ ಬಿಸಿಲು ಬೇಕು. ಒಣಗಿದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡಿದ್ರೆ ಗೊತ್ತಾಗಲ್ಲ. ನಾಲ್ಕು ಕಾಳು ಹಲ್ಲಲ್ಲಿ ಕಡೀರಿ. ಕಟ್ ಅಂದ್ರೆ ತನ್ನಿ, ಮೆತ್ತಗೆ ಚಪ್ಪಟೆ ಆದ್ರೆ ಮತ್ತೆ ಹರವಿ. ಹಸಿ ರಾಗಿ ಮಿಷನ್ನಿಗೆ ಹಾಕಿದ್ರೆ ಹಿಟ್ಟು ಬೀಸೋ ಕಲ್ಲಿನ ಗೀರುಗಳಲ್ಲಿ ಮೆತ್ಕೊಂಡು ರೊಟ್ಟಿ ಥರ ಕೂತ್ಕೊಳುತ್ತೆ. ಮೋಟಾರು ಮುಲುಗುತ್ತೆ, ಬೆಲ್ಟು ಜಾರುತ್ತೆ, ನಾನು ಕಲ್ಲು ಬಿಚ್ಚಿ ಕೆರೀಬೇಕು. ಒಂದ್ಸಲ ರಾಗಿ ಜೊತೆ ಸೇಫ್ಟಿ ಪಿನ್ ಬಂದು ಕಲ್ಲಲ್ಲಿ ಕಿಡಿ ಹಾರಿತ್ತು. ಅವತ್ತಿಂದ ಮಿಷನ್ನಿಗೆ ಕಾಳು ಸುರಿಯೋ ಡಬ್ಬಿಯ ಬಾಯಲ್ಲಿ ಅಯಸ್ಕಾಂತ ಇಟ್ಟಿದ್ದೀನಿ.

ನಿಮ್ಮ ಮುಂದಿನವರು ಏನು ಹಾಕಿಸಿದ್ರು ಅಂತ ಕೇಳಿ. ಗೋಧಿ ಆದ್ರೆ ಮೊದಲ ಎರಡು ಹಿಡಿ ಬೇರೆ ಇಡಿಸ್ಕೊಳ್ಳಿ. ಮೆಣಸಿನಕಾಯಿ ಹಾಕೋ ಮಿಷನ್ನೇ ಬೇರೆ ಇರಬೇಕು. ಇಲ್ಲದಿದ್ರೆ ಬೇರೆ ಮಿಲ್ಲಿಗೆ ಹೋಗಿ.

ಹಿಟ್ಟು ಬೀಳೋವಾಗ ಹೆಬ್ಬೆರಳು ತೋರುಬೆರಳಲ್ಲಿ ಉಜ್ಜಿ ನೋಡಿ. ಮಗು ಸರಿಗೆ ನುಣ್ಣಗೆ ಬೇಕು, ಮುದ್ದೆಗೆ ಚೂರು ತರಿ ಇದ್ರೂ ನಡಿಯುತ್ತೆ. ಸುಟ್ಟ ವಾಸನೆ ಬಂದ್ರೆ ಕಲ್ಲು ಬಿಗಿಯಾಗಿದೆ, ಸಡಿಲ ಮಾಡಿ ಅಂತ ಧೈರ್ಯವಾಗಿ ಹೇಳಿ.

ಬಿಸಿ ಹಿಟ್ಟಿಗೆ ಮುಚ್ಚಳ ಹಾಕ್ಬೇಡಿ, ಬೆವರಿ ಗಂಟಾಗುತ್ತೆ. ಮನೆಗೆ ಹೋಗಿ ಪಂಚೆ ಮೇಲೆ ಹರವಿ, ಆರಿದ ಮೇಲೆ ಡಬ್ಬಕ್ಕೆ ತುಂಬಿ.