12 ವೋಲ್ಟ್ ಅಡಾಪ್ಟರ್‌ಗೆ ಬಿಐಎಸ್ ಪರೀಕ್ಷೆ: ಲ್ಯಾಬಿಗೆ ಕಳಿಸುವ ಮುಂಚೆ ನಾವು ಮಾಡಿಕೊಂಡದ್ದು

ನೇರವಾಗಿ ಸಾಕೆಟ್‌ಗೆ ಚುಚ್ಚುವ, 12 ವೋಲ್ಟ್ 2 ಆಂಪಿಯರ್ ಕೊಡುವ ಅಡಾಪ್ಟರ್ ಇದು. ಅರ್ತ್ ಪಿನ್ ಇಲ್ಲ, ಅಂದರೆ ಕ್ಲಾಸ್ 2. ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಕಡ್ಡಾಯ ನೋಂದಣಿಗಾಗಿ ಐಎಸ್ 13252 (ಭಾಗ 1) ಪ್ರಕಾರ ಪರೀಕ್ಷೆ ಮಾಡಿಸಿದೆವು. ಹೊಸ ಐಎಸ್/ಐಇಸಿ 62368-1ರಲ್ಲಿ ಲೆಕ್ಕದ ವಿಧಾನ ಬೇರೆ, ಆದರೆ ಮಾಲು ಫೇಲ್ ಆಗುವ ಜಾಗಗಳು ಬಹುಪಾಲು ಇವೇ.

ಮೊದಲು ಟ್ರಾನ್ಸ್‌ಫಾರ್ಮರ್. ಪ್ರೈಮರಿಗೂ (ಮೇನ್ಸ್ ಕಡೆ) ಸೆಕೆಂಡರಿಗೂ (12 ವೋಲ್ಟ್ ಕಡೆ) ನಡುವೆ ಮೇಲ್ಮೈ ಮೇಲಿನ ದೂರ, ಅಂದರೆ ಕ್ರೀಪೇಜ್, 250 ವೋಲ್ಟ್‌ಗೆ 5 ಮಿ.ಮೀ. ಸಾಕು ಅಂತ ಲೇಔಟ್ ಮಾಡುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಪಿನ್‌ಗಳ ನಡುವಿನ ಆರ್‌ಎಂಎಸ್ ವೋಲ್ಟೇಜನ್ನು ಸ್ಕೋಪ್ ಇಟ್ಟು ಅಳೆದರೆ ಎಷ್ಟೋ ಸಲ 250 ದಾಟಿರುತ್ತದೆ. ಆಗ 5 ಮಿ.ಮೀ. ಸಾಲದು. ಹಾಗಾಗಿ ನಾವು ಸೆಕೆಂಡರಿಗೆ ಮೂರು ಪದರದ ಇನ್ಸುಲೇಷನ್ ಇರುವ ತಂತಿ ಸುತ್ತಿಸಿ, ಅದರ ತುದಿಗಳನ್ನು ಬಾಬಿನ್ ಪಿನ್‌ಗೆ ತರದೆ ನೇರ ಬೋರ್ಡಿಗೆ ಇಳಿಸಿದೆವು. ಬೋರ್ಡಿನಲ್ಲಿ ಆಪ್ಟೋಕಪ್ಲರ್ (ಎರಡು ಕಡೆಗಳ ನಡುವೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ) ಕೆಳಗೆ ಸೀಳು ಹಾಕಿದರೆ ಕನಿಷ್ಠ 1 ಮಿ.ಮೀ. ಅಗಲ ಇರಲೇಬೇಕು. 0.8 ಇದ್ದರೆ ಸೀಳೇ ಇಲ್ಲ ಅಂತ ಅಳೆಯುತ್ತಾರೆ.

ಹೈಪಾಟ್, ಅಂದರೆ ಹೆಚ್ಚು ವೋಲ್ಟೇಜ್ ಹಾಕಿ ಇನ್ಸುಲೇಷನ್ ನೋಡುವ ಪರೀಕ್ಷೆಯಲ್ಲಿ, ಪ್ರೈಮರಿ-ಸೆಕೆಂಡರಿ ನಡುವೆ 3000 ವೋಲ್ಟ್ ಎಸಿ, 1 ನಿಮಿಷ. ನಮ್ಮ ಬೆಂಚಿನ ಮೇಲೆ ಒಳ್ಳೆಯ ಪೀಸ್‌ಗಳೂ ಟ್ರಿಪ್ ಆಗುತ್ತಿದ್ದವು. ಕಾರಣ ಇನ್ಸುಲೇಷನ್ ಅಲ್ಲ, ಪ್ರೈಮರಿ-ಸೆಕೆಂಡರಿ ನಡುವೆ ಕೂರುವ ವೈ ಕೆಪಾಸಿಟರ್. 2.2 ನ್ಯಾನೊಫ್ಯಾರಡ್ ಮೂಲಕ 3000 ವೋಲ್ಟ್, 50 ಹರ್ಟ್ಜ್‌ನಲ್ಲಿ 2 ಮಿಲಿಆಂಪಿಯರ್ ತಾನಾಗಿಯೇ ಹರಿಯುತ್ತದೆ. ಮೆಷಿನ್‌ನ ಟ್ರಿಪ್ 1 ಮಿಲಿಆಂಪಿಯರ್‌ಗೆ ಇತ್ತು. 5ಕ್ಕೆ ಏರಿಸಿ, ಇಲ್ಲವೇ 4242 ವೋಲ್ಟ್ ಡಿಸಿ ಹಾಕಿ. ಲ್ಯಾಬಿನಲ್ಲಿ ಈ ಪರೀಕ್ಷೆ 93% ತೇವದಲ್ಲಿ 48 ಗಂಟೆ ಇಟ್ಟ ಮೇಲೆ. ಬೋರ್ಡಿನ ಮೇಲೆ ಬೆಸುಗೆಯ ಫ್ಲಕ್ಸ್ ಉಳಿದಿದ್ದರೆ ಗೊತ್ತಾಗುವುದು ಆಗಲೇ.

ಇಎಂಐ (ಬೇರೆ ಸಾಧನಗಳಿಗೆ ತೊಂದರೆ ಕೊಡುವ ವಿದ್ಯುತ್ ಗದ್ದಲ) ತಗ್ಗಲಿ ಅಂತ ಯಾರಾದರೂ ವೈ ಕೆಪಾಸಿಟರನ್ನು 4.7ಕ್ಕೆ ಏರಿಸಿದರೆ ಇನ್ನೊಂದು ಕಡೆ ಸಿಕ್ಕಿಬೀಳುತ್ತೀರಿ. ಇನ್‌ಪುಟ್‌ನ ಮೇಲ್ಮಿತಿ 264 ವೋಲ್ಟ್‌ನಲ್ಲಿ ಸೋರುವ ಕರೆಂಟ್ ಸುಮಾರು 0.39 ಮಿಲಿಆಂಪಿಯರ್, ಕ್ಲಾಸ್ 2 ಮಿತಿ 0.25. 2.2ಕ್ಕೆ 0.18 ಬರುತ್ತದೆ, ಪಾಸ್.

ಬಿಸಿಯ ಪರೀಕ್ಷೆಯಲ್ಲಿ ಎಲ್ಲರೂ ಮರೆಯುವ ಲೆಕ್ಕ ಒಂದಿದೆ. ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ ಕ್ಲಾಸ್ ಬಿ ಆದರೆ ಮಿತಿ 120 ಡಿಗ್ರಿ. ಥರ್ಮೊಕಪಲ್‌ನಿಂದ ಅಳೆದರೆ 10 ಕಳೆಯಬೇಕು, 110. ಅಡಾಪ್ಟರ್ 40 ಡಿಗ್ರಿವರೆಗೆ ನಡೆಯುತ್ತದೆ ಅಂತ ನಾವೇ ಬರೆದುಕೊಟ್ಟಿದ್ದೇವೆ, ಕೋಣೆ ಮಾತ್ರ 25. ಮತ್ತೆ 15 ಕಳೆದರೆ ಮೀಟರ್‌ನಲ್ಲಿ 95 ದಾಟಬಾರದು. ಕೇಸ್ ಮುಚ್ಚಿ, ಪೂರ್ತಿ ಲೋಡ್‌ನಲ್ಲಿ, ಓದು ನಿಲ್ಲುವವರೆಗೆ ಓಡಿಸಿ. 264ರಲ್ಲಿ ಮಾತ್ರ ನೋಡಿದರೆ ಸಾಲದು. ಕೆಳಮಿತಿ 90 ವೋಲ್ಟ್‌ನಲ್ಲಿ ಒಳಬರುವ ಕರೆಂಟ್ ಹೆಚ್ಚಾಗಿ ಬ್ರಿಡ್ಜ್ ಮತ್ತು ಫಿಲ್ಟರ್ ಕಾಯಿಲ್ ಸುಡುತ್ತವೆ.

ಮೇನ್ಸ್‌ನ ಎರಡು ತಂತಿಗಳ ನಡುವೆ ಹಾಕುವ ಎಕ್ಸ್ ಕೆಪಾಸಿಟರ್ 0.22 ಮೈಕ್ರೊಫ್ಯಾರಡ್ ಇದ್ದರೆ, ಪ್ಲಗ್ ಕಿತ್ತ ಮೇಲೆ ಪಿನ್ ಮುಟ್ಟಿದವರಿಗೆ ಶಾಕ್ ಹೊಡೆಯದಂತೆ ಖಾಲಿಯಾಗಬೇಕು. ಟೈಮ್ ಕಾನ್‌ಸ್ಟಂಟ್ (ಕೆಪಾಸಿಟರ್ ಗುಣಿಸು ರೆಸಿಸ್ಟರ್) ಮಿತಿ 1 ಸೆಕೆಂಡ್. 1 ಮೆಗಾಓಮ್‌ನ ಎರಡು ರೆಸಿಸ್ಟರ್ ಸಾಲಾಗಿ ಹಾಕಿದೆವು: 0.44 ಸೆಕೆಂಡ್. ಎರಡು ಯಾಕೆ ಅಂದರೆ, 1206 ಸೈಜಿನ (ಬೋರ್ಡಿನ ಮೇಲೆ ಅಂಟುವ ಪುಟ್ಟ ಚಿಪ್) ಒಂದಕ್ಕೆ 340 ವೋಲ್ಟ್ ಪೀಕ್ ತಡೆಯುವ ರೇಟಿಂಗ್ ಸಾಮಾನ್ಯವಾಗಿ ಇರುವುದಿಲ್ಲ.

ಪರೀಕ್ಷೆಗಾಗಿ ಮಾಸ್ಫೆಟ್ (ಪ್ರೈಮರಿಯ ಸ್ವಿಚಿಂಗ್ ಟ್ರಾನ್ಸಿಸ್ಟರ್) ಬೇಕೆಂದೇ ಶಾರ್ಟ್ ಮಾಡಿದಾಗ ಫ್ಯೂಸ್ ಸದ್ದಿಲ್ಲದೆ ಹೋಗಬೇಕು. ಅಗ್ಗದ ಫ್ಯೂಸಿಬಲ್ ರೆಸಿಸ್ಟರ್ ಸಿಡಿದು ಮೇಲೆ ಹೊದಿಸಿದ ತೆಳು ಬಟ್ಟೆ ಹೊತ್ತಿಕೊಂಡರೆ ಅಲ್ಲಿಗೆ ಮುಗಿಯಿತು. ಸರಿಯಾದ 250 ವೋಲ್ಟ್ ಗಾಜಿನ ಫ್ಯೂಸ್, ಅದಕ್ಕೊಂದು ಸ್ಲೀವ್. ಉಳಿಸುವ ಎರಡು ರೂಪಾಯಿ ಇಲ್ಲಿ ಬೇಡ.

ಪಿನ್ ಹಿಡಿದಿರುವ ಪ್ಲಾಸ್ಟಿಕ್‌ಗೆ 125 ಡಿಗ್ರಿಯಲ್ಲಿ ಉಕ್ಕಿನ ಪುಟ್ಟ ಗುಂಡು ಒತ್ತುತ್ತಾರೆ. 1 ಗಂಟೆ ಬಿಟ್ಟು ನೋಡಿದಾಗ ತಗ್ಗಿನ ವ್ಯಾಸ 2 ಮಿ.ಮೀ. ದಾಟಬಾರದು. ಎಬಿಎಸ್ ನಿಲ್ಲುವುದಿಲ್ಲ, ಪಾಲಿಕಾರ್ಬೊನೇಟ್ ನಿಲ್ಲುತ್ತದೆ. ಕೇಸನ್ನು 1 ಮೀಟರ್ ಎತ್ತರದಿಂದ ಮೂರು ಸಲ ಬೀಳಿಸುವುದೂ ಇದೆ. ಅಲ್ಟ್ರಾಸಾನಿಕ್ ಬೆಸುಗೆ ಬಿಡುವುದು ಸಾಮಾನ್ಯವಾಗಿ ಮೂಲೆಯಲ್ಲಿ.

ಕೆಲವು ಸ್ಯಾಂಪಲ್‌ಗಳನ್ನು ಬೆಸುಗೆ ಹಾಕದೆ, ಟ್ರಾನ್ಸ್‌ಫಾರ್ಮರ್ ಬಿಡಿಯಾಗಿಯೂ ಕೊಡಿ; ಶಾರ್ಟ್ ಪರೀಕ್ಷೆಗಳಲ್ಲಿ ಪೀಸ್ ಸಾಯುತ್ತವೆ. ಫ್ಯೂಸ್, ಎಕ್ಸ್-ವೈ ಕೆಪಾಸಿಟರ್, ಆಪ್ಟೋಕಪ್ಲರ್, ಬೋರ್ಡ್, ಇವುಗಳ ಸರ್ಟಿಫಿಕೇಟ್ ಮುಂಚೆಯೇ ತರಿಸಿಟ್ಟುಕೊಳ್ಳಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಕೊಂಡ ಕೆಪಾಸಿಟರ್ ಚೆನ್ನಾಗಿಯೇ ಇರಬಹುದು, ಕಾಗದ ಜೊತೆಗೆ ಬರುವುದಿಲ್ಲ. ಲೇಬಲ್ ಅನ್ನು 15 ಸೆಕೆಂಡ್ ನೀರಿನಲ್ಲಿ, 15 ಸೆಕೆಂಡ್ ಪೆಟ್ರೋಲಿಯಂ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡಿಯೇ ಕಳಿಸಿ.

ವರದಿಯ ದಿನಾಂಕದಿಂದ 90 ದಿನದೊಳಗೆ ಅರ್ಜಿ ಹಾಕಬೇಕು. ಕಂಪನಿ ಕಾಗದಗಳಲ್ಲಿರುವ ಕಾರ್ಖಾನೆ ವಿಳಾಸ, ವರದಿಯಲ್ಲಿನ ವಿಳಾಸ, ಎರಡೂ ಅಕ್ಷರಶಃ ಒಂದೇ ಇರಲಿ. ‘ರಸ್ತೆ’ ಒಂದರಲ್ಲಿ, ‘ರೋಡ್’ ಇನ್ನೊಂದರಲ್ಲಿ ಇದ್ದರೂ ಪ್ರಶ್ನೆ ಬರುತ್ತದೆ.