ಊರಿನ ವೀರಗಲ್ಲಿನ ಚರಿತ್ರೆ ಬರೆದಿಡುವ ಬಗೆ

ಚಿತ್ರದುರ್ಗದ ಕೋಟೆಯ ಬಗ್ಗೆ, ಅದನ್ನಾಳಿದ ಪಾಳೆಯಗಾರರ ಬಗ್ಗೆ ಬರೆದವರು ಬಹಳ ಮಂದಿ. ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ನಿಂತಿರುವ ವೀರಗಲ್ಲಿನ ಕಥೆಯನ್ನು ಮಾತ್ರ ಊರಿನವರೇ ಬರೆಯಬೇಕು.

ಮೊದಲು ಮಾಡಬೇಕಾದದ್ದು ಹಿರಿಯರ ಮಾತನ್ನು ಅವರು ಹೇಳಿದಂತೆಯೇ ಬರೆದುಕೊಳ್ಳುವುದು. ಕಲ್ಲಿನ ಶಾಸನದ ಪಾಠವನ್ನು ಮೊದಲೇ ಪುಸ್ತಕದಲ್ಲಿ ಓದಿಕೊಂಡು ಹೋದವರು ತಮಗೆ ಬೇಕಾದ ಉತ್ತರವನ್ನೇ ಅವರ ಬಾಯಿಂದ ಹೊರಡಿಸಿಬಿಡುವುದುಂಟು. ಆದ್ದರಿಂದ ಪುಸ್ತಕ ಆಮೇಲಿರಲಿ.

ಅನಂತರ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕುಳಿತ ವೀರ ಇರುತ್ತಾರೆ. ಕಾಳಗದ ಪಕ್ಕ ಹಸುಗಳಿದ್ದರೆ ಆತ ತುರುಗೋಳಿನಲ್ಲಿ, ಅಂದರೆ ದನಗಳನ್ನು ಹೊಡೆದುಕೊಂಡು ಹೋಗುವ ಕಾಳಗದಲ್ಲಿ, ಮಡಿದವನೆಂದು ತಿಳಿಯಬಹುದು. ಬಳೆ ತೊಟ್ಟ ತೋಳೊಂದು ಮೇಲೆದ್ದಿದ್ದರೆ ಅದು ಮಾಸ್ತಿಕಲ್ಲು, ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ಅಕ್ಷರಗಳು ಹೆಚ್ಚಾಗಿ ಪಟ್ಟಿಕೆಗಳ ನಡುವಿನ ಅಂಚಿನಲ್ಲಿರುವುದರಿಂದ, ಎಣ್ಣೆ ಕುಂಕುಮ ಮೆತ್ತಿದ್ದರೆ ಪೂಜೆ ಮಾಡುವವರನ್ನು ಕೇಳಿಯೇ ನೀರು ಮತ್ತು ಮೆದು ಬ್ರಷ್‌ನಿಂದ ತೊಳೆಯಬೇಕು. ತಂತಿಯ ಬ್ರಷ್ಷು, ಆಸಿಡ್ಡು, ಬಣ್ಣ ಬೇಡವೇ ಬೇಡ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಫೋಟೋ ತೆಗೆದರೆ, ಮಧ್ಯಾಹ್ನ ಕಾಣದ ಸಾಲುಗಳೂ ಎದ್ದು ಕಾಣುತ್ತವೆ.

ಈಗ ಪುಸ್ತಕ. ಬಿ. ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ದಾವಣಗೆರೆ, ಹರಿಹರ, ಜಗಳೂರಿನ ಶಾಸನಗಳನ್ನೂ ಅಲ್ಲೇ ಹುಡುಕಬೇಕು. ಚನ್ನಗಿರಿ, ಹೊನ್ನಾಳಿಯವರು ಶಿವಮೊಗ್ಗಕ್ಕೆ ಸೇರಿದ 7ನೇ ಸಂಪುಟವನ್ನು ತೆರೆಯಬೇಕು. ಎರಡೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಸಂಪುಟದಲ್ಲಿ ಇಲ್ಲವೆಂದ ಮಾತ್ರಕ್ಕೆ ಶಾಸನವೇ ಇಲ್ಲವೆಂದು ಕೈಬಿಡಬಾರದು: ಕದಂಬ ಮಯೂರಶರ್ಮನ ಚಂದ್ರವಳ್ಳಿಯ ಬಂಡೆ ಶಾಸನ ಚಿತ್ರದುರ್ಗ ಪೇಟೆಯ ಮಗ್ಗುಲಲ್ಲೇ ಇದ್ದರೂ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದದ್ದು 1929ರಲ್ಲಿ, ರೈಸ್ ಅವರ ಸಂಪುಟ ಹೊರಬಂದು ಎಷ್ಟೋ ವರ್ಷಗಳ ಮೇಲೆ.

ಕಾಲ ಗೊತ್ತುಮಾಡಲು ಶಕವರ್ಷಕ್ಕೆ 78 ಕೂಡಿಸಬೇಕು. ಸಂವತ್ಸರದ ಹೆಸರಷ್ಟೇ ಉಳಿದಿದ್ದರೆ ಅವಸರ ಸಲ್ಲದು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ 1224ರಲ್ಲಿ ತಾರಣ ಸಂವತ್ಸರವಿತ್ತು, 1284ರಲ್ಲಿಯೂ ತಾರಣವೇ. ಇಂಥ ಕಡೆ ಅರಸನ ಹೆಸರು ಮತ್ತು ಲಿಪಿಯ ರೂಪವೇ ಆಧಾರ, ಲಿಪಿಗೆ ಬಲ್ಲವರ ನೆರವು ಬೇಕು.

ಬರೆಯುವಾಗ ಹಿರಿಯರ ಕಥೆಯನ್ನೂ ಶಾಸನದ ಪಾಠವನ್ನೂ ಬೆರೆಸದೆ ಬೇರೆ ಬೇರೆ ಪುಟಗಳಲ್ಲಿಡಿ. ಎರಡೂ ಹೊಂದದಿದ್ದರೆ ಹೊಂದಿಸಲು ಹೋಗಬೇಡಿ. ಕಲ್ಲು ನಿಂತ ಜಾಗ, ಮುಖ ಮಾಡಿದ ದಿಕ್ಕು, ಎತ್ತರ, ನೋಡಿದ ದಿನಾಂಕಗಳನ್ನು ಸೇರಿಸಿ, ಒಂದು ಪ್ರತಿಯನ್ನು ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ರಸ್ತೆ ಅಗಲ ಮಾಡುವಾಗ ಕಲ್ಲನ್ನು ಕಿತ್ತರೆ ಮತ್ತೆ ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಆ ಪುಟವೇ ದಾಖಲೆಯಾಗುತ್ತದೆ.